ಕಲ್ಲಿನ ಸಿಪ್ಪೆ

ಹೋದ ತಿಂಗಳು ನಮ್ಮ ಅಡುಗೆಮನೆಯ ಸಿಂಕಿನ ಬಿರುಕು ಮುಚ್ಚಲು ಬಂದ ಪ್ಲಂಬರ್ ಎರಡು ಟ್ಯೂಬುಗಳಿಂದ ಒಂದಿಷ್ಟು ಅಂಟು ಹಿಂಡಿ, ರಟ್ಟಿನ ಚೂರಿನ ಮೇಲೆ ಬೆಂಕಿಕಡ್ಡಿಯಿಂದ ಕಲಸಿದ. ಗಂಟಲಿನ ಹಿಂಭಾಗಕ್ಕೆ ಹೋಗಿ ಕೂರುವಂಥ ಆ ವಾಸನೆ ಎದ್ದ ಕೂಡಲೇ ನನಗೆ ಹಳೇಬೀಡಿನ ಆಚಾರ್ರು ನೆನಪಾದರು. ಇದರಲ್ಲಿ ಏನೋ ತಪ್ಪಿದೆ ಎಂದು ಆಮೇಲೆ ಹೊಳೆಯಿತು. ಆಚಾರ್ರ ಶೆಡ್ಡಿನಲ್ಲಿ ಆ ವಾಸನೆ ಇರಲೇ ಇಲ್ಲ. ಅಲ್ಲಿ ಇದ್ದದ್ದು ಕಲ್ಲಿನ ಪುಡಿ, ಬೀಡಿ, ಪಕ್ಕದ ಮನೆಯ ಎಮ್ಮೆಯ ಗಂಜಲ. ಅಂಟಿನ ವಾಸನೆ ಇದ್ದದ್ದು ಬೆಂಗಳೂರಿನ ಲ್ಯಾಬಿನಲ್ಲಿ, ಅವರು ಕೊಟ್ಟ ಕಲ್ಲಿನ ಚೂರುಗಳನ್ನು ನಾನು ಅಂಟಿನಲ್ಲಿ ಹೂತ ಮೇಜಿನ ಬಳಿ. ಆ ಲ್ಯಾಬಿಗೆ ಆಚಾರ್ರು ಯಾವತ್ತೂ ಬಂದವರಲ್ಲ. ಆದರೂ ನನ್ನ ನೆನಪು ಅವರನ್ನು ಅಲ್ಲಿ ಕೂರಿಸಿಬಿಟ್ಟಿದೆ...

ಹಾಗಾಗಿ ಯಾವುದು ಖಾತ್ರಿ, ಯಾವುದು ಅಲ್ಲ ಎಂದು ಆಗಾಗ ಹೇಳುತ್ತ ಹೋಗಬೇಕಾಗಿದೆ. ನನ್ನ ಬಳಿ ಉಳಿದಿರುವುದು ಒಂದು ನೋಟ್‌ಬುಕ್ಕು, ಒಂದು ಫೋಟೊ. ಫೋಟೊದಲ್ಲಿ ಆಚಾರ್ರ ಮುಖವಿಲ್ಲ. ಕಲ್ಲಿನ ಚೂರುಗಳ ಗಾತ್ರ ತಿಳಿಯಲಿ ಎಂದು ಅವುಗಳ ಪಕ್ಕ ಅವರ ಎಡಗೈ ಇಡಿಸಿ ತೆಗೆದದ್ದು. ಒಂದು ಕೈ, ಮೂರು ಕಲ್ಲು.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ನಾನು ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ವಸ್ತುಗಳ ಗಟ್ಟಿತನವನ್ನು ಅತಿ ಸಣ್ಣ ಅಳತೆಯಲ್ಲಿ ಪರೀಕ್ಷಿಸುವ ಕೆಲಸ. ಮೂರು ಮೂಲೆಯ ಒಂದು ವಜ್ರದ ಮೊನೆ ಇರುತ್ತದೆ; ಅದನ್ನು ವಸ್ತುವಿನ ಮೇಲೆ ಮೆಲ್ಲಗೆ ಒತ್ತಬೇಕು. ಒತ್ತುವ ಭಾರ ಒಂದು ಹುಣಸೆಬೀಜದಷ್ಟೂ ಇರುವುದಿಲ್ಲ. ಕೂದಲಿನ ದಪ್ಪವನ್ನು ನೂರು ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು ಆಳಕ್ಕೆ ಮೊನೆ ಇಳಿಯುತ್ತದೆ. ಎಷ್ಟು ಒತ್ತಿದಾಗ ಎಷ್ಟು ಇಳಿಯಿತು, ಬಿಟ್ಟಾಗ ಎಷ್ಟು ಹಿಂದಕ್ಕೆ ಬಂತು ಎಂಬುದನ್ನು ಯಂತ್ರ ಬರೆದುಕೊಳ್ಳುತ್ತದೆ. ಉಳಿಯುವ ಗುಂಡಿ ಬರಿಗಣ್ಣಿಗೆ ಕಾಣುವುದಿಲ್ಲ. ಅಕ್ಕನಿಗೆ ಇದನ್ನೆಲ್ಲ ವಿವರಿಸಿದಾಗ ಅವಳು, "ಕಾಣದೇ ಇರೋ ಗುಂಡಿ ತೋಡಕ್ಕೆ ಐದು ವರ್ಷನೇನೇ?" ಎಂದಿದ್ದಳು.

ಲ್ಯಾಬಿನಲ್ಲಿ ಎಲ್ಲರೂ ಲೋಹದ ಮೇಲಿನ ತೆಳು ಲೇಪಗಳನ್ನು ಒತ್ತುತ್ತಿದ್ದರು. ನಾನು ಅದರ ಜೊತೆಗೆ ಕಲ್ಲನ್ನೂ ಒತ್ತುತ್ತೇನೆ ಎಂದೆ. ಹಳೇಬೀಡು ಬೇಲೂರಿನ ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದು ಗಟ್ಟಿಯಾಗುತ್ತದೆ ಎಂದು ಅಲ್ಲಿ ದೇವಸ್ಥಾನ ತೋರಿಸುವವರೆಲ್ಲ ಹೇಳುತ್ತಾರೆ. ಅದು ನಿಜವೇ ಎಂದು ನೋಡುವ ಆಸೆ. ನನ್ನ ಪ್ರೊಫೆಸರು ಬೇಡ ಎನ್ನಲಿಲ್ಲ. ಕಲ್ಲಿಗಾದರೆ ಯಂತ್ರ ಸಿಗುವುದು ಭಾನುವಾರ ಮಾತ್ರ ಎಂದರು.

ಅಕ್ಕ ಆಗ ಅರಸೀಕೆರೆಯಲ್ಲಿದ್ದಳು, ಭಾವ ರೈಲ್ವೆಯಲ್ಲಿದ್ದರು. ರೈಲಿಳಿದು ಅವರ ಕ್ವಾರ್ಟರ್ಸಿನಲ್ಲಿ ತಿಂಡಿ ತಿಂದು, ಬಾಣಾವರದ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿಗೆ ಹೋಗುತ್ತಿದ್ದೆ. ದೇವಸ್ಥಾನದ ಕಲ್ಲನ್ನು ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಎದುರಿನ ಮೂರ್ತಿ ಅಂಗಡಿಗಳಲ್ಲಿ ಕಲ್ಲಿನ ಚೂರು ಕೇಳಿದೆ. ಒಬ್ಬ, "ಮೂರ್ತಿ ತಗೊಳ್ಳಿ ಮೇಡಂ, ಚೂರು ಯಾಕೆ?" ಎಂದು ನಕ್ಕ. ಇನ್ನೊಬ್ಬ, ತನ್ನ ಅಂಗಡಿಗೆ ಗಣಪತಿ, ಆನೆ, ಅಗರಬತ್ತಿ ಸ್ಟ್ಯಾಂಡು ಕೆತ್ತಿಕೊಡುವ ಆಚಾರ್ರ ಶೆಡ್ಡಿಗೆ ದಾರಿ ತೋರಿಸಿದ.

ಶೆಡ್ಡು ಕೆರೆ ಏರಿಯ ಕಡೆಗೆ ಹೋಗುವ ಓಣಿಯಲ್ಲಿತ್ತು. ಅದರ ಮೇಲೆ ಒಂದು ಹೊಂಗೆ ಮರ ಬಾಗಿತ್ತು, ಅದರ ನೆರಳಲ್ಲಿ ಆಚಾರ್ರು ಕೂತಿದ್ದರು ಎಂದು ಎಷ್ಟೋ ವರ್ಷ ಜನರಿಗೆ ಹೇಳಿದ್ದೇನೆ. ಫೋಟೊದಲ್ಲಿ ಬಿದ್ದಿರುವ ನೆರಳು ಶೀಟಿನ ನೆಟ್ಟಗಿನ ಅಂಚಿನದು, ಒಂದೇ ಒಂದು ಎಲೆಯೂ ಇಲ್ಲ. ಮರ ಎಲ್ಲಿಂದ ಬಂತೋ ಗೊತ್ತಿಲ್ಲ. ಅದನ್ನು ತೆಗೆಯುತ್ತೇನೆ. ಆಚಾರ್ರು ಶೀಟಿನ ಕೆಳಗೆ, ಗೋಣಿಚೀಲದ ಮೇಲೆ ಕೂತಿದ್ದರು. ಅರವತ್ತು ದಾಟಿದ ವಯಸ್ಸು. ಹುಬ್ಬಿನ ಮೇಲೆಲ್ಲ ಬೂದು ಬಣ್ಣದ ಪುಡಿ.

ನಾನು ಎಡಗಡೆ ನಿಂತು ಮಾತು ಶುರು ಮಾಡಿದೆ. ಅವರು ಕೈ ಬೀಸಿ, "ಈ ಕಡೆ ಬಾ ತಾಯಿ. ಆ ಕಿವೀನ ಕಲ್ಲು ತಿಂದ್ಬುಟ್ಟೈತೆ" ಎಂದರು.

ಬಲಗಡೆಗೆ ಹೋಗಿ ಮತ್ತೆ ಮೊದಲಿಂದ ಹೇಳಿದೆ. ಅವರು ಕಾಲ ಬಳಿ ಬಿದ್ದಿದ್ದ ಒಂದು ಚೂರು ಎತ್ತಿ ನಾಲಿಗೆಯಿಂದ ನೆಕ್ಕಿದರು. ಒದ್ದೆಯಾದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ, ಎಡಗೈ ಹೆಬ್ಬೆರಳಿನ ಉಗುರನ್ನು ಅದರೊಳಕ್ಕೆ ಒತ್ತಿದರು. ಉಗುರಿನ ಗುರುತು ಬಿತ್ತು. ಇನ್ನೊಂದು ಚೂರು ತೆಗೆದು ಹಾಗೇ ಮಾಡಿದರು. ಗುರುತು ಬೀಳಲಿಲ್ಲ.

"ಇದು ಹಸೀದು. ಇದು ಮಾಗಿದ್ದು. ಮೊದ್ಲು ಸಿಪ್ಪೆ ಕಟ್ಕಂತದೆ, ಆಮೇಲೆ ಮಾಗ್ತದೆ. ಒಳಗಡೆ ಹಂಗೇ ಇರ್ತದೆ. ಎಲ್ಲಿ, ನೀನೂ ನೆಕ್ಕು ನೋಡಾನ."

ನಾನು ಹಿಂದೆಮುಂದೆ ನೋಡಿದೆ.

"ಓದ್ದೋರು ನೆಕ್ಕಂಗಿಲ್ವಾ?"

ನೆಕ್ಕಿದೆ. ಎರಡರಲ್ಲೂ ಮಣ್ಣಿನ ರುಚಿ. ನನಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ, ತಿಳಿಯಿತು ಎಂದು ತಲೆಯಾಡಿಸಿದೆ.

ಅವತ್ತು ಅವರು ನನಗೆ ಮೂರು ಚೂರು ಕೊಟ್ಟರು. ಒಂದು ಹಿಂದಿನ ವಾರ ಗಣಿಯಿಂದ ಬಂದದ್ದು. ಒಂದು ಅಂಗಳದಲ್ಲಿ ಎರಡು ಮಳೆಗಾಲ ಕಂಡದ್ದು. ಮೂರನೆಯದಕ್ಕೆ ಎದ್ದು ಶೆಡ್ಡಿನ ಹಿಂದೆ ಹೋಗಿ, ಗೋಡೆಗೆ ಒರಗಿಸಿದ್ದ ಒಂದು ಹಲಗೆಯಷ್ಟು ಕಲ್ಲಿನ ಮೂಲೆ ಒಡೆದು ತಂದರು. ಅವರ ಅಪ್ಪ ಕೆತ್ತಲು ಶುರುಮಾಡಿ ಬಿಟ್ಟುಹೋದ ಕಲ್ಲು. ಅದರ ಒಂದು ಮುಖದ ಮೇಲೆ ಉಳಿಯ ಗೆರೆಗಳು ಸಾಲಾಗಿ, ಬಾಚಿದ ಕೂದಲಿನ ಹಾಗೆ ಇದ್ದವು. "ಇದು ನಮ್ಮಪ್ಪನ ಕೈ" ಎಂದರು. ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡದ್ದು: "ಮೂರನೆಯ ಮಾದರಿ, ಬಹಳ ಹಳೆಯದು, ಒಂದು ಮುಖ ಒರಟು."

ಅಂಗಳದಲ್ಲಿ ಬಿಸಿಲಿಗೆ ಒಂದು ಬಸವ ಮಲಗಿತ್ತು. ಆರು ತಿಂಗಳ ಕರುವಿನಷ್ಟು ದೊಡ್ಡದು. ಅಂಗಡಿ ಆನೆಗಳ ನಡುವೆ ಅದೊಂದು ಬೇರೆ ಮನೆಯದರ ಹಾಗೆ ಕಾಣುತ್ತಿತ್ತು. ಕೇಳಿದಾಗ ಆಚಾರ್ರು ಉಳಿ ಕೆಳಗಿಟ್ಟು ಹೇಳಿದರು. ಮಾದಿಹಳ್ಳಿ ಹತ್ತಿರದ ಒಂದು ಊರಿನ ಈಶ್ವರನ ಗುಡಿಯಲ್ಲಿ ಹಳೆಯ ಬಸವನ ತಲೆ ಒಡೆದಿತ್ತು. ಊರಿನವರು ಕಮಿಟಿ ಮಾಡಿಕೊಂಡು ಹೊಸದನ್ನು ಇವರಿಗೆ ಒಪ್ಪಿಸಿದ್ದರು. ಕೆತ್ತಿ ಆಗಿತ್ತು. ಇನ್ನು ಒಂದು ವರ್ಷ ಅದು ಮಳೆ, ಬಿಸಿಲು, ಇಬ್ಬನಿ ಎಲ್ಲಕ್ಕೂ ಮೈಯೊಡ್ಡಿ ಮಲಗಬೇಕು. ಆಮೇಲೆ ಗುಡಿಗೆ. ಅವರ ಅಪ್ಪ ಹಾಗೆ ಮಾಡುತ್ತಿದ್ದರು, ತಾತ ಹಾಗೆ ಮಾಡುತ್ತಿದ್ದರು.

"ಹದ್ನಾಲ್ಕು ವರ್ಸದಿಂದ ಉಳಿ ಹಿಡ್ದಿವ್ನಿ ತಾಯಿ. ಮಾಡಿದ್ದೆಲ್ಲ ಊರ್ ಬಿಟ್ಟೋಯ್ತು. ಯಾರ್‌ಯಾರ್ದೋ ಬ್ಯಾಗಲ್ಲಿ, ಯಾವ್‌ಯಾವ್ದೋ ದೇಸಕ್ಕೆ. ಟೀವಿ ಮೇಲೆ ಇಟ್ಕಂತಾರಂತೆ. ಇದೊಂದು ಇಲ್ಲೇ ಕೂತಿರ್ಲಿ. ನಾನು ಬಸ್ಸತ್ತಿ ಹೋಗಿ ನೋಡ್ಕಂಡು ಬರಂಗಿರ್ಬೇಕು."

ಹದಿನಾಲ್ಕು ವರ್ಷದಿಂದ ಅಂದರೋ, ಹದಿನಾಲ್ಕನೇ ವಯಸ್ಸಿನಿಂದ ಅಂದರೋ... ಎರಡನೆಯದೇ ಇರಬೇಕು. "ಬಸ್ಸತ್ತಿ ಹೋಗಿ ನೋಡ್ಕಂಡು ಬರಂಗಿರ್ಬೇಕು" ಎಂದದ್ದು ಮಾತ್ರ ಖಾತ್ರಿ. ನೋಟ್‌ಬುಕ್ಕಿನಲ್ಲಿದೆ.

ಎರಡನೆಯ ಸಲವೋ ಮೂರನೆಯ ಸಲವೋ ನಾನು ಅಲ್ಲಿದ್ದಾಗ ಕಮಿಟಿಯ ಯಜಮಾನರು ಸ್ಕೂಟರಿನಲ್ಲಿ ಬಂದರು. ತೆಂಗಿನ ತೋಟದವರು, ನಗುಮುಖದವರು. ಇಳಿಯುತ್ತಲೇ, "ಏನ್ ಆಚಾರ್ರೇ, ನಮ್ ಬಸವಣ್ಣ ಎದ್ದನೋ, ಇನ್ನೂ ಮಲಗವ್ನೋ?" ಎಂದರು.

"ಮಾಗ್ಲಿ ಯಜಮಾನ್ರೇ."

"ಮಾಗಕ್ಕೆ ಅದೇನು ಬಾಳೆಗೊನೆಯಾ? ಕಾರ್ತೀಕದಲ್ಲಿ ಪುರೋಹಿತರು ದಿನ ಇಟ್ಟವ್ರೆ. ಇನ್ನೊಂದು ವರ್ಸ ಗುಡಿ ಖಾಲಿ ಇಟ್ಕಂಡು ಕೂತ್ಕಂಡ್ರೆ ಊರೋರು ನನ್ನನ್ನೇ ಬಸವನ ಜಾಗದಲ್ಲಿ ಕೂರಿಸ್ತಾರೆ ಅಷ್ಟೆ."

ನನ್ನ ಕೆಲಸ ಏನೆಂದು ಆಚಾರ್ರು ಅವರಿಗೆ ಹೇಳಿದ್ದರು, ತುಸು ಹೆಮ್ಮೆಯಿಂದಲೇ. ಯಜಮಾನರು ನನ್ನ ಕಡೆ ತಿರುಗಿ, "ಮೇಡಮ್ನೋರೇ, ನೀವು ಅದನ್ನೇ ಪರೀಕ್ಷೆ ಮಾಡ್ತಿರೋದಂತಲ್ಲ. ಕಲ್ಲು ಗಟ್ಟಿಯಾಗ್ತದೋ ಇಲ್ವೋ ಒಂದು ಪೇಪರಲ್ಲಿ ಬರ್ಕೊಡಿ. ಆಗ್ತದೆ ಅಂದ್ರೆ ಕಾಯ್ತೀವಿ. ನಾವೇನು ತಿಳುವಳಿಕೆ ಇಲ್ದೋರಲ್ಲ" ಎಂದು ತಮ್ಮ ವಿಳಾಸ ಬರೆಸಿದರು.

ನಾನು ಖಂಡಿತ ಎಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಬಹಳ ಹಗುರವಾಗಿದ್ದೆ. ಕಲ್ಲು ಗಟ್ಟಿಯಾಗುತ್ತದೆ ಎಂದು ಬಂದರೆ ಕಮಿಟಿ ಕಾಯುತ್ತದೆ. ಆಗುವುದಿಲ್ಲ ಎಂದು ಬಂದರೆ ಆಚಾರ್ರು ಕಾಯಬೇಕಾಗಿಯೇ ಇಲ್ಲ. ಯಾವುದು ಬಂದರೂ ಬಸವ ಗುಡಿಯಲ್ಲಿ ಕೂರುತ್ತದೆ. ಹೀಗೆ ಲೆಕ್ಕ ಹಾಕಿದ್ದೆ.

ಭಾನುವಾರಗಳಲ್ಲಿ ಲ್ಯಾಬಿನ ಕಟ್ಟಡದಲ್ಲಿ ನಾನು, ಗೇಟಿನಲ್ಲಿ ವಾಚ್‌ಮನ್, ಇಷ್ಟೇ. ಕ್ಯಾಂಟೀನ್ ಮುಚ್ಚಿರುತ್ತಿತ್ತು. ಯಂತ್ರ ಒಂದು ಗಾಜಿನ ಪೆಟ್ಟಿಗೆಯೊಳಗೆ, ಗಾಳಿಯ ಮೇಲೆ ತೇಲುವ ಮೇಜಿನ ಮೇಲೆ ಇತ್ತು. ಪಕ್ಕದಲ್ಲಿ ಯಾರಾದರೂ ಜೋರಾಗಿ ಹೆಜ್ಜೆ ಹಾಕಿದರೂ ಅಳತೆ ಕೆಡುತ್ತದೆ. ಆದ್ದರಿಂದ ಮೊನೆ ಇಳಿಯುವಾಗ ಕುರ್ಚಿಯಲ್ಲಿ ಅಲ್ಲಾಡದೆ ಕೂರುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡದ ದಿನಗಳಿರುತ್ತಿದ್ದವು. ಹಾಸ್ಟೆಲಿಗೆ ಹೋಗಿ ಯಾರಿಗಾದರೂ ಏನಾದರೂ ಹೇಳಲು ಬಾಯಿ ತೆರೆದರೆ ದನಿ ಒಡೆದು ಬರುತ್ತಿತ್ತು.

ಒತ್ತುವ ಮೊದಲು ಕಲ್ಲನ್ನು ಸಿದ್ಧ ಮಾಡಬೇಕು. ಚೂರನ್ನು ಅಂಟಿನಲ್ಲಿ ಹೂತು, ಅಂಟು ಗಟ್ಟಿಯಾದ ಮೇಲೆ ಮೇಲ್ಮುಖವನ್ನು ಉಜ್ಜುವ ಕಾಗದದ ಮೇಲೆ ಉಜ್ಜಬೇಕು. ಮೊದಲು ಒರಟು ಕಾಗದ, ಆಮೇಲೆ ನಯ, ಕೊನೆಗೆ ವಜ್ರದ ಪುಡಿ ಬೆರೆಸಿದ ಲೇಪ. ಮುಖ ಕಾಣುವಷ್ಟು ನುಣುಪಾಗಬೇಕು. ಉಬ್ಬುತಗ್ಗಿನ ಮೇಲೆ ಮೊನೆ ಸರಿಯಾಗಿ ಇಳಿಯುವುದಿಲ್ಲ. ಉಜ್ಜುವುದರಲ್ಲಿ ನನ್ನ ಕೈ ಚೆನ್ನಾಗಿತ್ತು, ಲ್ಯಾಬಿನಲ್ಲಿ ಎಲ್ಲರೂ ಅದನ್ನು ಹೇಳುತ್ತಿದ್ದರು. ಆಚಾರ್ರ ಅಪ್ಪನ ಕಲ್ಲು ಉಜ್ಜಿದಷ್ಟೂ ಹಸಿರು ಬೆರೆತ ಕಪ್ಪಿಗೆ ತಿರುಗಿತು. ಮೂರರಲ್ಲಿ ಅದೇ ಚೆಂದ. ಕಿಟಕಿಯ ಸರಳುಗಳು ಅದರಲ್ಲಿ ಕಾಣುತ್ತಿದ್ದವು.

ಎಷ್ಟೋ ಭಾನುವಾರ ಒತ್ತಿದೆ. ಮೂರೂ ಕಲ್ಲು ಒಂದೇ ಉತ್ತರ ಕೊಟ್ಟವು. ಹೋದ ವಾರದ ಕಲ್ಲಿಗೂ ಅಪ್ಪನ ಕಾಲದ ಕಲ್ಲಿಗೂ ವ್ಯತ್ಯಾಸವಿಲ್ಲ. ಹಾಗೆಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಸಹಿ ಹಾಕಿ, ಯಜಮಾನರ ವಿಳಾಸಕ್ಕೆ ಅಂಚೆಗೆ ಹಾಕಿದೆ. ಮೊದಲು ಆಚಾರ್ರಿಗೆ ತೋರಿಸಬೇಕು ಎಂದು ನನಗೆ ತೋಚಲೇ ಇಲ್ಲ. ತೋಚಲಿಲ್ಲವೋ, ಬೇಡವೆನಿಸಿತೋ... ಇಷ್ಟು ವರ್ಷವಾದ ಮೇಲೆ ಎರಡನ್ನೂ ಬೇರೆ ಮಾಡಲಾರೆ.

ಕಾರ್ತೀಕಕ್ಕೆ ಇನ್ನೂ ಒಂದು ತಿಂಗಳಿರುವಾಗ ಗುಡಿಯ ಜಗಲಿಯ ಮೇಲೆ ಕಮಿಟಿ ಕೂತಿತು. ಯಜಮಾನರು ನನಗೂ ಬರಹೇಳಿದ್ದರು. ಆಚಾರ್ರು ಬಸ್ಸಿನಲ್ಲಿ ಬಂದಿದ್ದರು, ಒಗೆದ ಬಿಳಿ ಅಂಗಿ ಹಾಕಿಕೊಂಡು. ಅವರ ಹುಬ್ಬಿನ ಮೇಲೆ ಪುಡಿ ಇಲ್ಲದ್ದನ್ನು ನಾನು ನೋಡಿದ್ದು ಅವತ್ತೇ. ಯಜಮಾನರು ನನ್ನ ಕಾಗದವನ್ನು ಜೋರಾಗಿ ಓದಿ, ಮಡಚಿ ಜೇಬಿಗಿಟ್ಟು, "ಕೇಳಿಸ್ತಾ ಆಚಾರ್ರೇ? ಕಾಯೋದು ಬ್ಯಾಡ ಅಂತ ಬೆಂಗಳೂರಿಂದಲೇ ಬಂದೈತೆ. ಕಾರ್ತೀಕಕ್ಕೆ ತಂದ್ಬುಡಿ, ನಿಮ್ಗೂ ಹಗುರ ನಮ್ಗೂ ಹಗುರ" ಎಂದರು.

ಆಚಾರ್ರು ನನ್ನ ಕಡೆ ತಿರುಗಿದರು. "ಹೆಂಗೆ ನೋಡ್ದೆ ತಾಯಿ?"

ನಾನು ಅವರ ಬಲಗಡೆಗೆ ಹೋಗಿ ಕೂತು ವಿವರಿಸಿದೆ. ಅಂಟು, ಉಜ್ಜುವ ಕಾಗದ, ವಜ್ರದ ಪುಡಿ, ಕನ್ನಡಿಯಂಥ ಮುಖ.

"ನಮ್ಮಪ್ಪನ ಉಳಿ ಗುರ್ತಿತ್ತಲ್ಲ, ಆ ಮಗ್ಗುಲನ್ನಾ?"

"ಹೂಂ. ಅದನ್ನೇ."

"ಉಜ್ಜಿದ್ಯಾ? ಗುರ್ತು ಹೋಗಂಗೆ?"

"ಉಜ್ಜದೇ ಇದ್ರೆ ಯಂತ್ರಕ್ಕೆ ಆಗಲ್ಲ ಆಚಾರ್ರೇ."

ಅವರು ಸ್ವಲ್ಪ ಹೊತ್ತು ಜಗಲಿಯ ಕಲ್ಲನ್ನು ಕೈಯಿಂದ ಸವರುತ್ತಿದ್ದರು. ಆಮೇಲೆ, "ಸಿಪ್ಪೆ ಸುಲ್ದು ಬಿಸಾಕ್ಬುಟ್ಟು, ಸಿಪ್ಪೆ ಎಲ್ಲೈತೆ ಅಂತೀಯಲ್ಲ ತಾಯಿ" ಎಂದರು.

ಯಾರೋ ಒಬ್ಬರು ಹಿಂದಿನಿಂದ, "ಕಲ್ಲಿಗೂ ಸಿಪ್ಪೆ ಇರ್ತದಾ! ಹಂಗಾರೆ ಬೀಜನೂ ಇರ್ಬೇಕು ನೋಡಿ ಆಚಾರ್ರೇ, ಬಿತ್ತಿದ್ರೆ ಗುಡ್ಡ ಬೆಳೀತದೆ!" ಎಂದರು. ಜಗಲಿಯಲ್ಲಿ ಎಲ್ಲರೂ ನಕ್ಕರು. ನಾನು ನಕ್ಕೆನೇ? ನಗಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಬೇರೆ ಯಾರ ವಿಷಯದಲ್ಲಾದರೂ ಇಂಥ ಸಾಕ್ಷಿಯನ್ನು ನಾನು ನಂಬುತ್ತಿರಲಿಲ್ಲ.

ಆಚಾರ್ರು ಎದ್ದು ನಿಂತರು. "ಹಸೀ ಕಲ್ಲು ಕೂರ್ಸಕ್ಕೆ ನನ್ ಕೈಲಾಗಕಿಲ್ಲ ಯಜಮಾನ್ರೇ. ಎಣ್ಣೆ ಬೀಳ್ತದೆ, ನೂರು ಜನ ಮುಟ್ತಾರೆ, ನಾಕು ವರ್ಸಕ್ಕೆ ಮೂಗು ಸವ್ದೋಯ್ತದೆ. ಆಗ ಬಸವನ್ನ ಯಾರೂ ಬಯ್ಯಕಿಲ್ಲ. ಮಾಡ್ದೋನ್ನ ಬಯ್ತಾರೆ."

"ಪೇಪರಲ್ಲಿ ಬರ್ದೈತಲ್ರೀ!"

"ಪೇಪರಿಗೆ ನೀವು ಎಣ್ಣೆ ಹುಯ್ಯಕಿಲ್ಲ."

ಯಜಮಾನರು ಕೆಟ್ಟವರಲ್ಲ. ಅವತ್ತೂ ಮತ್ತೆ ಮತ್ತೆ ಕೇಳಿಕೊಂಡರು, ಕೊನೆಗೆ ಕೈ ಮುಗಿದೂ ಕೇಳಿದರು. ಆಚಾರ್ರು ಒಪ್ಪಲಿಲ್ಲ. ಕಾರ್ತೀಕಕ್ಕೆ ಬೇರೆ ಎಲ್ಲಿಂದಲೋ ತಯಾರಿದ್ದ ಕರಿಕಲ್ಲಿನ ಬಸವನನ್ನು ಲಾರಿಯಲ್ಲಿ ತಂದು, ಹೋಮ ಮಾಡಿ ಕೂರಿಸಿದರು. ನನಗೂ ಆಮಂತ್ರಣ ಬಂದಿತ್ತು. ನಾನು ಹೋಗಲಿಲ್ಲ.

ನನ್ನ ತಪ್ಪು ನನಗೆ ತಿಳಿದದ್ದು ಅದಾಗಿ ನಾಲ್ಕು ತಿಂಗಳಿಗೆ, ಬಹಳ ಸಾಧಾರಣ ರೀತಿಯಲ್ಲಿ. ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ನಾನು ಕೆಲಸ ಕಲಿಸುತ್ತಿದ್ದೆ. ಲೇಪವಿರುವ ಲೋಹವನ್ನು ಮೇಲಿನಿಂದ ಉಜ್ಜಬಾರದು, ಉಜ್ಜಿದರೆ ಲೇಪವೇ ಹೋಗುತ್ತದೆ, ಅಡ್ಡಕ್ಕೆ ಕೊಯ್ದು ಕೊಯ್ದ ಮುಖವನ್ನು ಉಜ್ಜಬೇಕು, ಆಗ ಹೊರಗಿನ ಅಂಚಿನಿಂದ ಒಳಗಿನವರೆಗೆ ಸಾಲಾಗಿ ಒತ್ತುತ್ತ ಹೋಗಬಹುದು ಎಂದು ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಕೈಯಲ್ಲಿದ್ದ ಉಜ್ಜುವ ಕಾಗದವನ್ನು ಕೆಳಗಿಟ್ಟೆ. ಲೋಹಕ್ಕೆ ದಿನಾ ಇದನ್ನೇ ಮಾಡುತ್ತಿದ್ದವಳು ಕಲ್ಲಿಗೆ ಮಾಡಿರಲಿಲ್ಲ. ಲೋಹಕ್ಕೆ ಲೇಪವಿದೆ ಎಂದು ನನಗೆ ಗೊತ್ತಿತ್ತು. ಕಲ್ಲಿಗೆ ಸಿಪ್ಪೆಯಿದೆ ಎಂದು ಆಚಾರ್ರು ಮೊದಲ ದಿನವೇ ಹೇಳಿದ್ದರು, ನಾನು ಅದನ್ನು ಒಂದು ಮಾತು ಎಂದುಕೊಂಡಿದ್ದೆ. ಅವರನ್ನು ಪರೀಕ್ಷಿಸಲು ಹೊರಟವಳು ಅವರು ಹೇಳಿದ್ದನ್ನು ಕೇಳಿಸಿಕೊಂಡಿರಲಿಲ್ಲ.

ಮೂರೂ ಕಲ್ಲುಗಳಲ್ಲಿ ಅಂಟಿಗೆ ಹಾಕದೆ ಉಳಿದ ಚೂರುಗಳು ಕವರಿನಲ್ಲಿದ್ದವು. ಅಪ್ಪನ ಕಲ್ಲಿನ ಚೂರಿನಲ್ಲಿ ಉಳಿಯ ಗೆರೆ ಎರಡೇ ಎರಡು ಉಳಿದಿದ್ದವು. ಅಡ್ಡಕ್ಕೆ ಕೊಯ್ದೆ. ಅಂಚಿನಿಂದ ಒಳಕ್ಕೆ ಸಾಲಾಗಿ ಒತ್ತಿದೆ. ಅಪ್ಪನ ಕಲ್ಲಿನಲ್ಲಿ ಅಂಚಿನ ಹತ್ತಿರದ ಗುಂಡಿಗಳು ಸಣ್ಣವು, ಒಳಗೆ ಹೋದಂತೆ ದೊಡ್ಡವು. ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಹೊಸ ಕಲ್ಲಿನಲ್ಲಿ ಒಂದೇ ಸಮ. ಎರಡು ಮಳೆ ಕಂಡ ಕಲ್ಲಿನಲ್ಲಿ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಹಾಗಾಗಿ ಒಂದು ವರ್ಷ ಕಾದರೆ ಸಾಕೋ, ಸಾಲದೋ ಎಂಬುದನ್ನು ನಾನು ಇವತ್ತಿಗೂ ಹೇಳಲಾರೆ. ಆದರೆ ವ್ಯತ್ಯಾಸವಿಲ್ಲ ಎಂದು ಸಹಿ ಹಾಕಿ ಕೊಟ್ಟದ್ದು ಸುಳ್ಳು.

ಮುಂದಿನ ರೈಲಿಗೇ ಹೊರಟೆ. ಆಚಾರ್ರು ಅಂಗಳದಲ್ಲಿ, ಬಸವನ ಪಕ್ಕದಲ್ಲಿ ಕೂತು ಆನೆಯೊಂದರ ಸೊಂಡಿಲು ತಿದ್ದುತ್ತಿದ್ದರು. ಆ ಕೆಲವೇ ತಿಂಗಳಲ್ಲಿ ಬಲಗಿವಿಯೂ ಮಂದವಾಗಿತ್ತು. ಬಗ್ಗಿ ಹೇಳಿದೆ, ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಿದೆ.

"ಆಂ?"

"ನಿಮ್ಮ ಕಲ್ಲು! ಗಟ್ಟಿ ಆಗತ್ತೆ! ಸಿಪ್ಪೆ ಇದೆ ಆಚಾರ್ರೇ, ಸಿಪ್ಪೆ ಇದೆ!"

ಪಕ್ಕದ ಮನೆಯ ಹೆಂಗಸು ಸಗಣಿ ಕೈಯಲ್ಲೇ ಬೇಲಿಯ ಹತ್ತಿರ ಬಂದು, "ಯಾಕವ್ವ ಹಿಂಗ್ ಕಿರುಚ್ತೀಯ? ಪಾಪ ಏನ್ ಮಾಡುದ್ರು ಅವ್ರು?" ಎಂದಳು.

ಆಚಾರ್ರು ನಕ್ಕರು. "ಅದು ನಂಗೆ ಗೊತ್ತೈತಲ್ಲ ತಾಯಿ. ನಿಂಗೆ ಗೊತ್ತಾಗ್ಲಿಲ್ವಲ್ಲ ಅಂತ ಬೇಜಾರಾಗಿತ್ತು."

ಯಜಮಾನರಿಗೆ ಇನ್ನೊಂದು ಕಾಗದ ಬರೆಯುತ್ತೇನೆ, ತಪ್ಪು ನನ್ನದೇ ಎಂದು ಬರೆಯುತ್ತೇನೆ ಎಂದು ಕೂಗಿ ಹೇಳಿದೆ. ಅವರು ಕೈಯಾಡಿಸಿಬಿಟ್ಟರು. "ಬ್ಯಾಡ ಬ್ಯಾಡ. ಕೂತ ದೇವ್ರನ್ನ ಎಬ್ಬಿಸಬಾರ್ದು. ಒಂದು ಗುಡೀಲಿ ಎರಡು ಬಸವನ್ನ ಕಟ್ಟಕ್ಕೆ ಅದೇನು ಕೊಟ್ಟಿಗೆಯಾ?"

ಹಾಗೆಂದು ಮತ್ತೆ ಸೊಂಡಿಲಿಗೆ ಉಳಿ ಇಟ್ಟರು. ನಾನು ಬಹಳ ಹೊತ್ತು ಕೂತಿದ್ದೆ. ಟಕ್ ಟಕ್ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ಸದ್ದೂ ನನಗೆ ಮಾತ್ರ, ಅವರಿಗಲ್ಲ. ಹೊರಡಲು ಎದ್ದಾಗ, "ಮತ್ತೆ ಬತ್ತೀಯಾ?" ಎಂದರು. "ಬರ್ತೀನಿ" ಎಂದೆ. ಜೋರಾಗಿಯೇ ಹೇಳಿದೆ.

ಹೋಗಲಿಲ್ಲ. ಭಾವನಿಗೆ ಬೇರೆ ಊರಿಗೆ ವರ್ಗವಾಗಿ ಅರಸೀಕೆರೆಯಲ್ಲಿ ಇಳಿಯುವ ಕಾರಣ ಇಲ್ಲವಾಯಿತು. ಪ್ರಬಂಧದಲ್ಲಿ ಆ ಕಲ್ಲುಗಳ ಮೇಲೆ ಒಂದು ಅಧ್ಯಾಯ ಬರೆದೆ. ಕೊನೆಯಲ್ಲಿ ಉಪಕಾರ ಸ್ಮರಿಸುವ ಪುಟದಲ್ಲಿ ಯಂತ್ರ ರಿಪೇರಿ ಮಾಡಿದವರ ಹೆಸರೂ ಇದೆ. ಆಚಾರ್ರಿರಬೇಕಾದ ಕಡೆ "ಹಳೇಬೀಡಿನ ಶಿಲ್ಪಿಯೊಬ್ಬರು" ಎಂದಿದೆ. ಅವರ ಹೆಸರು ನಾನು ಕೇಳಿರಲಿಲ್ಲ.

ಸಿಂಕು ರಿಪೇರಿಯಾದ ಮುಂದಿನ ವಾರ ಹಳೇಬೀಡಿಗೆ ಹೋದೆ. ಓಣಿ ಇದೆ, ಶೆಡ್ಡು ಇಲ್ಲ. ಆ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ದೇವಸ್ಥಾನದ ಎದುರು, ಹಿಂದೆ ನನಗೆ ದಾರಿ ತೋರಿಸಿದ್ದ ಅದೇ ಮೂರ್ತಿ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನ ತಲೆ ನರೆತಿತ್ತು.

"ಯಾವ ಆಚಾರ್ರು ಮೇಡಂ? ಹೆಸರೇಳಿ."

ಹೇಳಲು ಹೆಸರಿರಲಿಲ್ಲ. ಕಿವಿ ಕೇಳುತ್ತಿರಲಿಲ್ಲ ಎಂದೆ.

"ಉಳಿ ಹಿಡಿದೋರಲ್ಲಿ ಕಿವಿ ಕೇಳೋರು ಯಾರಿದ್ರು?"

"ಅಂಗಳದಲ್ಲಿ ಒಂದು ದೊಡ್ಡ ಬಸವ ಇತ್ತು..."

"ಓ, ಬಸವನ ಆಚಾರ್ರಾ!" ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. "ಅವ್ರು ಹೋಗಿ ಬಾಳ ವರ್ಸ ಆಯ್ತಲ್ಲ ಮೇಡಂ."

ಬಸವ ಏನಾಯಿತು ಎಂದು ಕೇಳಿದೆ. ಆಚಾರ್ರು ಇರುವಾಗಲೇ ಯಾರೋ ಕಾರಿನವರು ಬಂದು ನೋಡಿ, ತಾವು ಕಟ್ಟಿಸುತ್ತಿರುವ ಮನೆಯ ಮುಂದೆ ಇಡಲು ಬೇಕು ಎಂದು ಲಾರಿ ಕಳಿಸಿ ಒಯ್ದರಂತೆ. ಯಾವ ಊರಿನವರೋ ಅಂಗಡಿಯವನಿಗೆ ಗೊತ್ತಿಲ್ಲ.

"ಆದ್ರೆ ಅದಕ್ಕೆ ಕಣ್ಣು ತೆಗೆದಿರ್ಲಿಲ್ಲ, ಕಣ್ಣಿನ ಗೆರೆ ಕೆತ್ತಿರ್ಲಿಲ್ಲ. ನಮ್ಮಲ್ಲಿ ಕೂರ್ಸೋ ಜಾಗದಲ್ಲೇ ಕಣ್ಣು ತೆಗೆಯೋದು, ಅದೂ ಕೂರ್ಸೋ ದಿನವೇ. ಕೆತ್ತಿದೋರೇ ತೆಗೀಬೇಕು. ಲಾರಿಗೆ ಹತ್ತಿಸುವಾಗ ಆಚಾರ್ರು ಅವ್ರಿಗೆ, ಕೂರ್ಸೋ ದಿನ ಹೇಳಿ ಕಳ್ಸಿ, ಎಲ್ಲಿದ್ರೂ ಬತ್ತೀನಿ ಅಂದ್ರು. ನಮ್ ಅಂಗಡಿ ಫೋನ್ ನಂಬರ್ ಬರೆಸಿಕೊಟ್ರು. ಕಣ್ಣಿನ ಉಳಿ ಒಂದಿತ್ತು, ಸಣ್ಣದು. ಅದನ್ನ ಬಟ್ಟೇಲಿ ಸುತ್ತಿ ಜೇಬಲ್ಲಿ ಇಟ್ಕಂಡು ದಿನಾ ಬೆಳಗ್ಗೆ ಬರೋರು. ಫೋನ್ ರಿಂಗಾದ್ರೆ ಅವ್ರಿಗೆ ಕೇಳ್ತಿರ್ಲಿಲ್ಲ ನೋಡಿ, ನನ್ ಮುಖಾನೇ ನೋಡ್ತಾ ಕೂರೋರು."

"ಬಂತಾ?"

ಅಷ್ಟರಲ್ಲಿ ಯಾರೋ ಗಿರಾಕಿಗಳು ಬಂದರು. ಅವನು ಅವರಿಗೆ ಆನೆ ತೋರಿಸಿ, ಕಾಗದದಲ್ಲಿ ಸುತ್ತಿ ಕೊಟ್ಟು, ಆಮೇಲೆ ನನಗೆ ಹೇಳಿದ: "ಎಲ್ಲ ಮೊಬೈಲ್ ತಗೊಂಡು ಅಂಗಡಿ ಫೋನ್ ತೆಗೆಸಿದ್ರು ಮೇಡಂ. ನಾನು ಮಾತ್ರ ಅವ್ರು ಹೋಗೋವರ್ಗೂ ತೆಗೆಸ್ಲಿಲ್ಲ."

ಆಚಾರ್ರ ಹೆಸರೇನು ಎಂದು ಆಗ ಕೇಳಬಹುದಿತ್ತು. ಅವನಿಗೆ ಗೊತ್ತಿದ್ದೀತು. ಕೇಳಲು ನಾಚಿಕೆಯಾಯಿತು. ಅರಸೀಕೆರೆಯ ಬಸ್ಸು ಹೊರಡುವುದರಲ್ಲಿತ್ತು, ಹತ್ತಿ ಕೂತೆ. ಬಸವನನ್ನು ಒಯ್ದ ಆ ಮನೆಯವರು ಒಂದು ಫೋನು ಮಾಡಬಹುದಿತ್ತಲ್ಲ ಎಂದು ಬಾಣಾವರದವರೆಗೂ ಅವರನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದೆ. ಕೇಳಿದ್ದರೆ ಆ ಅಂಗಡಿಯ ನಂಬರು ನನಗೂ ಸಿಗುತ್ತಿತ್ತು ಎಂಬುದು ಆಮೇಲೆ ನೆನಪಾಯಿತು. ನಾನು ಫೋನು ಮಾಡಿದ್ದರೂ ಅವರು ಅಂಗಡಿಯವನ ಮುಖ ನೋಡುತ್ತಿದ್ದರು... ಆಚಾರ್ರೇ, ಬೆಂಗಳೂರಿನ ಆ ಹುಡುಗಿ, ಚೆನ್ನಾಗಿದ್ದೀರಾ ಅಂತ ಕೇಳ್ತವ್ಳೆ ಎಂದು ಅವನು ಕೂಗಿ ಹೇಳುತ್ತಿದ್ದ. ಬಸವನ ಫೋನಲ್ಲ ಎಂದು ಬೇಸರವಾಗುತ್ತಿತ್ತೇನೋ. ಆದರೂ ಒಂದು ಬೆಳಗ್ಗೆ ಅವರಿಗಾಗಿ ಫೋನು ಬಂದಂತಾಗುತ್ತಿತ್ತು.